ಯಾಪನೀಯರು ಸಿಕ್ಕ ಬಗೆ

1933ರ ಮೇ ತಿಂಗಳಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಜರ್ನಲ್‌ನಲ್ಲಿ ಯಾಪನೀಯ ಸಂಘವೆಂಬ ಜೈನ ಪಂಥದ ಮೇಲೆ ಒಂದು ಇಂಗ್ಲಿಷ್ ಲೇಖನ ಅಚ್ಚಾಯಿತು. ಬರೆದವರಿಗೆ ಆಗ ಇಪ್ಪತ್ತೇಳು ವರ್ಷ. ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿ ಕಲಿಸುತ್ತಿದ್ದ ಅವರ ಹುಟ್ಟೂರು ಚಿಕ್ಕೋಡಿ ತಾಲ್ಲೂಕಿನ ಸದಲಗಾ, ಹೆಸರು ಆದಿನಾಥ ನೇಮಿನಾಥ ಉಪಾಧ್ಯೆ. ಈ ಸೀಮೆಯ ಬಸದಿಗಳಲ್ಲಿ ತಲೆಮಾರುಗಳಿಂದ ಪೂಜೆ ನಡೆಸಿಕೊಂಡು ಬಂದವರು ಉಪಾಧ್ಯೆ ಮನೆತನಗಳವರು. ಮುಂದೆ ಎ.ಎನ್. ಉಪಾಧ್ಯೆ ಎಂದು ದೇಶವಿದೇಶಗಳ ಪ್ರಾಕೃತ ವಿದ್ವಾಂಸರೆಲ್ಲ ಬಲ್ಲ ಹೆಸರಾಯಿತು ಅದು. 1967ರ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರೂ ಅವರೇ. ಈ ಲೇಖನ ಬರೆಯುವಾಗ ಮಾತ್ರ ಅವರು ಕೆಲಸಕ್ಕೆ ಸೇರಿ ಮೂರು ವರ್ಷವಾಗಿದ್ದ ಹುಡುಗ.

ಲೇಖನದ ವಿಷಯ ಆಗಿನ ಓದುಗರಿಗೆ ವಿಚಿತ್ರವಾಗಿ ಕಂಡಿರಬೇಕು. ಜೈನರಲ್ಲಿ ದಿಗಂಬರರು, ಶ್ವೇತಾಂಬರರು ಎಂದು ಎರಡು ಪಂಥ ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಮೂರನೆಯದೊಂದಿತ್ತು, ಒಂಬತ್ತು ನೂರು ವರ್ಷಕ್ಕೂ ಮೇಲ್ಪಟ್ಟು ಬಾಳಿತ್ತು, ಬಾಳಿದ್ದು ಬಹುಪಾಲು ಕನ್ನಡ ನಾಡಿನಲ್ಲೇ ಎಂದು ಉಪಾಧ್ಯೆ ತೋರಿಸಿದರು. ಕದಂಬರಿಂದ ಮೊದಲುಗೊಂಡು ರಟ್ಟರವರೆಗೆ ಅರಸರು ಈ ಸಂಘದ ಮುನಿಗಳಿಗೆ ಭೂಮಿ ಬಿಟ್ಟಿದ್ದಾರೆ. ಸಂಸ್ಕೃತದ ಒಬ್ಬ ದೊಡ್ಡ ವೈಯಾಕರಣ ಈ ಸಂಘದವನು. ಇಷ್ಟಿದ್ದೂ ಇಪ್ಪತ್ತನೆಯ ಶತಮಾನದ ಹೊತ್ತಿಗೆ ತಾನು ಯಾಪನೀಯ ಎನ್ನುವ ಒಬ್ಬ ಮುನಿಯಾಗಲಿ ಶ್ರಾವಕನಾಗಲಿ ಉಳಿದಿರಲಿಲ್ಲ. ನಮ್ಮ ಹಿರಿಯರು ಯಾಪನೀಯರಿದ್ದರು ಎಂಬ ನೆನಪೂ ಯಾರ ಮನೆಯಲ್ಲೂ ಇರಲಿಲ್ಲ.

ಮಧ್ಯಯುಗದ ಮಠವೊಂದನ್ನು ಹುಡುಕುವವರು ಬಿದ್ದ ಗೋಡೆ, ಅಡಿಪಾಯದ ಸಾಲು, ಮುನಿಗಳ ಕೋಣೆಗಳನ್ನು ನಿರೀಕ್ಷಿಸುತ್ತಾರೆ. ಯಾಪನೀಯರ ವಿಷಯದಲ್ಲಿ ಅದು ಸಾಗಲಿಲ್ಲ. ಅವರ ಬಸದಿಗಳಲ್ಲಿ ಕೆಲವು ಹಾಳಾಗಿರಲೇ ಇಲ್ಲ. ದಿನವೂ ಬೆಳಗ್ಗೆ ಅಭಿಷೇಕ ನಡೆಯುತ್ತಿತ್ತು, ಗಂಧ ಹಚ್ಚುತ್ತಿದ್ದರು, ಆರತಿ ಎತ್ತುತ್ತಿದ್ದರು. ಪೂಜೆ ಮಾಡುತ್ತಿದ್ದವರು ದಿಗಂಬರರು. ಯಾಪನೀಯರ ಜಿನಬಿಂಬಗಳೂ ಬೆತ್ತಲೆಯವೇ ಆದ್ದರಿಂದ ಮೂರ್ತಿಯ ಮುಂದೆ ನಿಂತು ನೋಡಿದವರಿಗೆ ಇದು ಬೇರೆ ಸಂಘದ್ದೆಂದು ಹೊಳೆಯುವ ದಾರಿಯೇ ಇರಲಿಲ್ಲ. ಹೇಳುತ್ತಿದ್ದುದು ಕಲ್ಲಿನ ಮೇಲಿನ ಬರಹ ಮಾತ್ರ, ಅದನ್ನು ಓದುವವರು ಬೇಕಿತ್ತು.

ಮೊದಲ ಸುಳಿವು ಸಿಕ್ಕಿದ್ದು ಖಾನಾಪುರ ತಾಲ್ಲೂಕಿನ ಹಲಸಿಯಲ್ಲಿ. ಊರ ಹೊರಗೆ ಚಕ್ರತೀರ್ಥ ಎಂಬ ಚಿಕ್ಕ ಬಾವಿ, ಅದರ ಪಕ್ಕದಲ್ಲೊಂದು ಮಣ್ಣಿನ ದಿಬ್ಬ. ಆ ದಿಬ್ಬದೊಳಗಿಂದ ತಾಮ್ರಪಟಗಳ ಕಟ್ಟುಗಳು ಹೊರಬಂದವು. ಹಲಸಿ ಎಂದರೆ ಹಿಂದಿನ ಪಲಾಶಿಕಾ, ಕದಂಬರಿಗೆ ಬನವಾಸಿಯ ನಂತರದ ರಾಜಧಾನಿ. ಪಟಗಳು ಜಾನ್ ಫೇಯ್ತ್‌ಫುಲ್ ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿಯ ಕೈ ಸೇರಿದವು. 1867ರಲ್ಲಿ ಈ ದೇಶಕ್ಕೆ ಬಂದ ಫ್ಲೀಟ್ ದಕ್ಷಿಣ ಮರಾಠಾ ಸೀಮೆಯಲ್ಲಿ ನೌಕರಿ ಮಾಡುತ್ತಲೇ ಹಳಗನ್ನಡ ಶಾಸನಗಳನ್ನು ಓದಲು ಕಲಿತವರು. ಮೊದಲು ಮುಂಬಯಿಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ, ಆಮೇಲೆ 1870ರ ದಶಕದ ಕೊನೆಯಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಆ ಪಟಗಳನ್ನು ಅಚ್ಚು ಹಾಕಿಸಿದರು.

ಕದಂಬ ಮೃಗೇಶವರ್ಮ ಐದನೆಯ ಶತಮಾನದಲ್ಲಿ ತನ್ನ ತಂದೆಯ ನೆನಪಿಗೆ ಪಲಾಶಿಕೆಯಲ್ಲಿ ಜಿನಾಲಯ ಕಟ್ಟಿಸಿ, 33 ನಿವರ್ತನ ಭೂಮಿ ಬಿಟ್ಟ ಸಂಗತಿ ಅವುಗಳಲ್ಲೊಂದರಲ್ಲಿದೆ. ದಾನ ಪಡೆದವರು ಮೂವರು: ಯಾಪನೀಯರು, ನಿರ್ಗ್ರಂಥರು, ಕೂರ್ಚಕರು. ನಿರ್ಗ್ರಂಥರೆಂದರೆ ದಿಗಂಬರರೆಂದು ಊಹಿಸಬಹುದಿತ್ತು. ಉಳಿದ ಇಬ್ಬರು ಯಾರು? ಕೂರ್ಚಕರ ಪತ್ತೆ ಮುಂದೆಯೂ ಸರಿಯಾಗಿ ಹತ್ತಲಿಲ್ಲ, ಆ ಬಡಪಾಯಿಗಳ ಕತೆ ಅಲ್ಲಿಗೇ ನಿಂತಿತು. ಯಾಪನೀಯರು ಮಾತ್ರ ಮುಂದಿನ ಪಟಗಳಲ್ಲೂ ಕಾಣಿಸಿಕೊಂಡರು. ಮೃಗೇಶವರ್ಮನ ಮಗ ರವಿವರ್ಮನ ಶಾಸನದಲ್ಲಿ ಕುಮಾರದತ್ತನೇ ಮೊದಲಾದ ಆಚಾರ್ಯರಿದ್ದಾರೆ. ಕಾರ್ತಿಕ ಮಾಸದಲ್ಲಿ ಎಂಟು ದಿನ ಜಿನಪೂಜೆಯ ಉತ್ಸವ ನಡೆಯಬೇಕು, ಮಳೆಗಾಲದ ನಾಲ್ಕು ತಿಂಗಳು ಯಾಪನೀಯ ತಪಸ್ವಿಗಳಿಗೆ ಊಟದ ವ್ಯವಸ್ಥೆ ಆಗಬೇಕು ಎಂದು ಅರಸ ಕಟ್ಟು ಮಾಡಿದ್ದಾನೆ.

ಈ ನಾಲ್ಕು ತಿಂಗಳ ಮಾತನ್ನು ಓದಿ ಮುಂದೆ ಹೋಗಿಬಿಡುವುದು ಸುಲಭ. ಜೈನ ಮುನಿಗಳು ಒಂದೆಡೆ ನಿಲ್ಲುವವರಲ್ಲ. ಆಷಾಢದಿಂದ ಕಾರ್ತಿಕದವರೆಗೆ ನೆಲದಲ್ಲಿ ಹುಳುಹುಪ್ಪಟೆ ಹೆಚ್ಚು, ನಡೆದಾಡಿದರೆ ಜೀವಹಿಂಸೆ, ಅದಕ್ಕಾಗಿ ಆಗ ಮಾತ್ರ ಒಂದು ಊರಲ್ಲಿ ಚಾತುರ್ಮಾಸ. ಆ ಹೊತ್ತಿನ ಅನ್ನಕ್ಕೆ ಅರಸ ಭೂಮಿ ಬಿಟ್ಟ ಕೂಡಲೇ ಆ ಭೂಮಿಯ ಲೆಕ್ಕ ನೋಡುವ ಒಬ್ಬ ಆಚಾರ್ಯ ಬೇಕಾಗುತ್ತಾನೆ, ಅವನ ತರುವಾಯ ಅವನ ಶಿಷ್ಯ. ನಡೆದಾಡುವ ಮುನಿಗಳು ಮಠಸ್ಥರಾದದ್ದು ಈ ದಾರಿಯಿಂದ. ಆರುನೂರು ವರ್ಷಗಳ ಮೇಲೆ ಚಿಕ್ಕೋಡಿ ಸೀಮೆಯಲ್ಲಿ ಸಿಗುವ ಯಾಪನೀಯ ಆಚಾರ್ಯರು ಬಸದಿಯ ಆಸ್ತಿಗೆ ಒಡೆಯರಾಗಿ, ಗುರುಶಿಷ್ಯರ ವಂಶಾವಳಿ ಹೇಳಿಕೊಂಡು, ಜೀರ್ಣೋದ್ಧಾರಕ್ಕೂ ಮುನಿಗಳ ಆಹಾರದಾನಕ್ಕೂ ದತ್ತಿ ಪಡೆಯುವವರು.

ಪಟಗಳು ಹೆಸರು ಕೊಟ್ಟವು, ನಂಬಿಕೆ ಏನೆಂದು ಹೇಳಲಿಲ್ಲ. ಯಾಪನೀಯರು ನಂಬಿದ್ದೇನು ಎಂಬುದು ಬಿಡಿಸಿಕೊಂಡಿದ್ದು ಒಬ್ಬ ವೈಯಾಕರಣನ ಜಾತಕ ಹುಡುಕುವಾಗ. ಶಾಕಟಾಯನ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದವನು, ಪಾಲ್ಯಕೀರ್ತಿ ಎಂಬುದು ಅವನ ಇನ್ನೊಂದು ಹೆಸರು. ತನ್ನ ಸೂತ್ರಗಳಿಗೆ ತಾನೇ ಬರೆದುಕೊಂಡ ವೃತ್ತಿಗೆ ಅಮೋಘವೃತ್ತಿ ಎಂದು ಅರಸನ ಹೆಸರಿಟ್ಟ. ಹೇಳುವವನ ಜೀವಮಾನದಲ್ಲೇ ನಡೆದ ಪ್ರಸಿದ್ಧ ಘಟನೆಗೆ ಯಾವ ಭೂತಕಾಲದ ರೂಪ ಬಳಸಬೇಕು ಎಂಬ ಸೂತ್ರಕ್ಕೆ ಅಮೋಘವರ್ಷ ವೈರಿಗಳನ್ನು ಸುಟ್ಟ ಸಂಗತಿಯನ್ನೇ ಉದಾಹರಣೆ ಕೊಟ್ಟಿದ್ದಾನೆ. ಕರ್ನಾಟಕದ ದಿಗಂಬರರು ಈ ವ್ಯಾಕರಣವನ್ನು ಓದಿಸಿದರು, ಅದಕ್ಕೆ ಟೀಕೆ ಬರೆದರು, ನಮ್ಮವನೆಂದೇ ಬಗೆದರು.

ತೇರದಾಳದ ಗೊಂಕ ಜಿನಾಲಯದ ಶಾಸನವನ್ನು ಓದಿ ಅಚ್ಚು ಹಾಕಿಸಿದ ಕೆ.ಬಿ. ಪಾಠಕ್ ಶಾಕಟಾಯನನ ವೃತ್ತಿಯನ್ನು ಜಾಲಾಡಿ ಬೇರೊಂದು ತೀರ್ಪು ಕೊಟ್ಟರು. ವೃತ್ತಿಯ ಉದಾಹರಣೆಗಳಲ್ಲಿ ಆವಶ್ಯಕ, ಛೇದಸೂತ್ರ, ನಿರ್ಯುಕ್ತಿ, ಕಾಲಿಕಸೂತ್ರಗಳನ್ನು ಓದುವ ಮಾತು ಬರುತ್ತದೆ. ಇವು ಶ್ವೇತಾಂಬರರ ಆಗಮಗಳು, ಆದ್ದರಿಂದ ಶಾಕಟಾಯನ ಶ್ವೇತಾಂಬರ ಎಂದರು ಪಾಠಕರು. ತರ್ಕ ಗಟ್ಟಿಯಾಗಿಯೇ ಇತ್ತು. ಎರಡೇ ಮನೆ ಇರುವ ಓಣಿಯಲ್ಲಿ ಈ ಮನೆಯವನಲ್ಲದಿದ್ದರೆ ಆ ಮನೆಯವನೇ ಇರಬೇಕು ಎಂದಂತೆ.

ಉತ್ತರ ಇದ್ದದ್ದು ಗುಜರಾತಿನಲ್ಲಿ. ಹನ್ನೆರಡನೆಯ ಶತಮಾನದ ಶ್ವೇತಾಂಬರ ಟೀಕಾಕಾರ ಮಲಯಗಿರಿ ನಂದೀಸೂತ್ರದ ವ್ಯಾಖ್ಯಾನದಲ್ಲಿ ಶಾಕಟಾಯನನನ್ನು ಯಾಪನೀಯ ಯತಿಗಳ ಸಮೂಹದ ಮುಂದಾಳು ಎಂದು ಕರೆದಿದ್ದ. ಆ ಒಂದು ವಿಶೇಷಣದಿಂದ ಗಂಟು ಬಿಚ್ಚಿತು. ದಿಗಂಬರರಂತೆ ಬೆತ್ತಲೆ ಇದ್ದು ಶ್ವೇತಾಂಬರರ ಆಗಮಗಳನ್ನು ಓದುವವರು ಇದ್ದರು. ಇದೇ ಶಾಕಟಾಯನ ಬರೆದ ಎರಡು ಪುಟ್ಟ ಪ್ರಕರಣಗಳೂ ಶ್ವೇತಾಂಬರರ ಭಂಡಾರಗಳಲ್ಲೇ ಉಳಿದಿದ್ದವು: ಒಂದು ಹೆಣ್ಣಿಗೂ ಮೋಕ್ಷ ಉಂಟೆಂದು ವಾದಿಸುವುದು, ಇನ್ನೊಂದು ಕೇವಲಜ್ಞಾನಿಯೂ ಉಣ್ಣುತ್ತಾನೆಂದು ವಾದಿಸುವುದು. ಕನ್ನಡ ನಾಡಿನ ಮುನಿ ಬರೆದ ಪುಸ್ತಕ ಕನ್ನಡ ನಾಡಿನಲ್ಲಿ ಯಾಕೆ ಉಳಿಯಲಿಲ್ಲ ಎಂದರೆ, ಇಲ್ಲಿನ ದಿಗಂಬರರಿಗೆ ಅದು ಬೇಡವಾಗಿತ್ತು. ಗುಜರಾತಿನ ಶ್ವೇತಾಂಬರರಿಗೆ ಎದುರಾಳಿಗಳೊಡನೆ ವಾದ ಹೂಡುವುದಕ್ಕೆ ಬೇಕಿತ್ತು.

ಹೆಣ್ಣಿನ ಮೋಕ್ಷದ ವಾದವನ್ನು ಸ್ವಲ್ಪ ನಿಂತು ನೋಡಬೇಕು. ದಿಗಂಬರ ಶಾಸ್ತ್ರದ ನಿಲುವು ಸರಳ: ಬಟ್ಟೆ ಪರಿಗ್ರಹ, ಪರಿಗ್ರಹವಿದ್ದಲ್ಲಿ ಮೋಕ್ಷವಿಲ್ಲ, ಹೆಣ್ಣು ಬಟ್ಟೆ ಬಿಡುವಂತಿಲ್ಲ, ಆದ್ದರಿಂದ ಆಕೆ ಗಂಡಾಗಿ ಹುಟ್ಟಿಬಂದು ಮುಂದಿನ ದಾರಿ ನಡೆಯಬೇಕು. ಶಾಕಟಾಯನ ಬೆತ್ತಲೆ ಮುನಿಯೇ. ಆದರೂ ಅವನು ಕೇಳುವುದು, ಸಮ್ಯಕ್ ದರ್ಶನ, ಜ್ಞಾನ, ಚಾರಿತ್ರ ಎಂಬ ಮೂರು ರತ್ನಗಳಲ್ಲಿ ಯಾವುದು ಹೆಣ್ಣಿಗೆ ದಕ್ಕದು ಎಂಬುದಕ್ಕೆ ಪ್ರಮಾಣ ಎಲ್ಲಿದೆ ಎಂದು. ಮುನಿಯ ಕೈಯಲ್ಲಿರುವ ನವಿಲುಗರಿಯ ಪಿಂಛಿ ಧರ್ಮಕ್ಕೆ ಉಪಕರಣವಾದರೆ ಆರ್ಯಿಕೆ ಉಟ್ಟ ಸೀರೆಯೂ ಧರ್ಮಕ್ಕೆ ಉಪಕರಣವೇ, ಮೋಹವಿಲ್ಲದ ಕಡೆ ವಸ್ತು ಪರಿಗ್ರಹವಾಗದು ಎನ್ನುತ್ತಾನೆ. ಹನ್ನೊಂದನೆಯ ಶತಮಾನದ ದಿಗಂಬರ ತಾರ್ಕಿಕ ಪ್ರಭಾಚಂದ್ರ ಈ ವಾದವನ್ನು ಎತ್ತಿಕೊಂಡು ಖಂಡಿಸಿದ, ಖಂಡಿಸುವ ನೆಪದಲ್ಲಿ ಅದನ್ನು ಸಾಕಷ್ಟು ಉಳಿಸಿಯೂ ಕೊಟ್ಟ. 1974ರಲ್ಲಿ ಮುನಿ ಜಂಬೂವಿಜಯರು ಈ ಪ್ರಕರಣಗಳ ಒಳ್ಳೆಯ ಆವೃತ್ತಿ ತಂದರು. ಮೂಡುಬಿದಿರೆಯ ಕಡೆಯ ನೆಲ್ಲಿಕಾರಿನಲ್ಲಿ ಹುಟ್ಟಿ ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ಪ್ರಾಧ್ಯಾಪಕರಾಗಿದ್ದ ಪದ್ಮನಾಭ ಜೈನಿ 1991ರಲ್ಲಿ ಈ ವಾದಗ್ರಂಥಗಳನ್ನು ಇಂಗ್ಲಿಷಿಗೆ ತಂದರು.

ಎದುರಾಳಿಗಳ ಬಾಯಿಂದ ಉಪಾಧ್ಯೆ ಕಲೆಹಾಕಿದ್ದು ಇನ್ನೂ ಬಹಳವಿದೆ. ಗುಣರತ್ನ ಎಂಬ ಟೀಕಾಕಾರ ಈ ಮುನಿಗಳ ಚಹರೆಯನ್ನೇ ಬರೆದಿಟ್ಟಿದ್ದಾನೆ: ಬೆತ್ತಲೆ ಇರುತ್ತಾರೆ, ನವಿಲುಗರಿ ಹಿಡಿಯುತ್ತಾರೆ, ಬೊಗಸೆಯಲ್ಲಿ ಉಣ್ಣುತ್ತಾರೆ, ನಮಸ್ಕರಿಸಿದವರಿಗೆ ‘ಧರ್ಮಲಾಭ’ ಎಂದು ಹರಸುತ್ತಾರೆ. ಮೊದಲ ಮೂರು ದಿಗಂಬರರ ಆಚಾರ, ಕೊನೆಯದು ಶ್ವೇತಾಂಬರರ ಹರಕೆ. ಶ್ರುತಸಾಗರನೆಂಬ ದಿಗಂಬರ ಪಂಡಿತನಿಗೆ ಇದನ್ನು ಕಂಡು ಸಿಟ್ಟು ಬಂದು ಇವರನ್ನು ಹೇಸರಗತ್ತೆಗೆ ಹೋಲಿಸಿದ. ಇಂದ್ರನಂದಿ ಹೆಸರಿನ ನೀತಿಸಾರ ಇವರನ್ನು ಜೈನಾಭಾಸರ, ಎಂದರೆ ತೋರಿಕೆಯ ಜೈನರ, ಪಟ್ಟಿಗೆ ಸೇರಿಸಿತು. ಹುಟ್ಟಿನ ಬಗ್ಗೆಯೂ ಕತೆಗಳಿವೆ. ರತ್ನನಂದಿಯ ಭದ್ರಬಾಹುಚರಿತ ಹೇಳುವಂತೆ, ಕರಹಾಟಕದ ಅರಸನ ರಾಣಿ ತನ್ನ ತೌರಿನ ಕಡೆಯ ಗುರುಗಳನ್ನು ಕರೆಸಿದಳು. ಬಂದವರು ಬಿಳಿ ಬಟ್ಟೆ ಉಟ್ಟು, ಕೈಯಲ್ಲಿ ಪಾತ್ರೆ, ದಂಡ ಹಿಡಿದಿದ್ದರು. ಇವರೆಂಥ ನಿರ್ಗ್ರಂಥರು ಎಂದು ಅರಸ ಎದುರುಗೊಳ್ಳದೆ ತಿರುಗಿ ಹೋದ. ರಾಣಿ ಕೇಳಿಕೊಂಡಳೆಂದು ಅವರು ಬಟ್ಟೆ ಕಳಚಿ ಪಿಂಛಿ, ಕಮಂಡಲು ಹಿಡಿದರು, ಒಳಗೆ ತಮ್ಮ ಆಚಾರವನ್ನೇ ಇಟ್ಟುಕೊಂಡರು. ಕರಹಾಟಕ ಎಂದರೆ ಈಗಿನ ಕರಾಡ, ಕೃಷ್ಣೆಯ ದಂಡೆಯ ಊರು. ಅದೇ ನೀರು ಕೆಳಗಿಳಿದು ಚಿಕ್ಕೋಡಿ, ರಾಯಬಾಗ, ಅಥಣಿ ತಾಲ್ಲೂಕುಗಳನ್ನು ಹಾಯುತ್ತದೆ. ಆಗದವರು ಕಟ್ಟಿದ ಕತೆ, ಇತಿಹಾಸವೆಂದು ನಂಬಲಾಗದು. ಆದರೆ ಕಟ್ಟಿದವರು ಯಾಪನೀಯರ ತೌರನ್ನು ಯಾವ ಸೀಮೆಯಲ್ಲಿ ಇಟ್ಟರು ಎಂಬುದನ್ನು ನೋಡಬೇಕು. ಶಾಸನಗಳು ಒತ್ತಾಗಿ ಸಿಗುವುದೂ ಅಲ್ಲಿಂದ ಕೆಳಕ್ಕೆ, ಬೆಳಗಾವಿ, ಧಾರವಾಡ, ಕಲಬುರಗಿಯ ಕಡೆ.

ಇನ್ನು ಊರಿಗೆ ಬರೋಣ.

ಸದಲಗಾದ ನೆರೆಯಲ್ಲೇ, ದೂಧಗಂಗೆಯ ಸೀಮೆಯಲ್ಲಿ, ಏಕಸಂಬಾ ಇದೆ. ಈಗ ಅದು ಕಬ್ಬಿನ ಊರು, ಹಂಗಾಮಿನಲ್ಲಿ ಟ್ರ್ಯಾಕ್ಟರುಗಳ ಸಾಲು ಕಡಿಯುವುದಿಲ್ಲ. ಅಲ್ಲಿನ ನೇಮಿನಾಥ ಬಸದಿಯ 1165ರ ಶಾಸನ ಮೈಸೂರು ಪುರಾತತ್ತ್ವ ಇಲಾಖೆಯ 1916ರ ವರದಿಯಲ್ಲಿ ಬಂದಿತ್ತು. ಊರು ಮುಂಬಯಿ ಇಲಾಖೆಯದು, ಓದು ಮೈಸೂರಿನದು. ಕನ್ನಡ ನಾಡು ಐದಾರು ತುಂಡಾಗಿದ್ದ ಕಾಲದಲ್ಲೂ ಶಾಸನಗಳಿಗೆ ಎಲ್ಲೋ ಒಬ್ಬ ಓದುಗ ಸಿಗುತ್ತಿದ್ದ. ಶಾಸನದಲ್ಲಿ ಊರ ಹೆಸರು ಎಕ್ಕಸಂಬುಗೆ. ಕೊಲ್ಹಾಪುರದ ಶಿಲಾಹಾರ ವಿಜಯಾದಿತ್ಯನ ಸೇನಾಪತಿ ಕಾಲಣ ಇಲ್ಲಿ ನೇಮಿನಾಥ ಬಸದಿ ಕಟ್ಟಿಸಿ ಯಾಪನೀಯ ಸಂಘದ ಪುನ್ನಾಗವೃಕ್ಷಮೂಲಗಣದ ವಿಜಯಕೀರ್ತಿಗೆ ಒಪ್ಪಿಸಿದ. ಗುರುಪರಂಪರೆಯನ್ನೂ ಕೊಟ್ಟಿದೆ: ಮುನಿಚಂದ್ರ, ವಿಜಯಕೀರ್ತಿ, ಕುಮಾರಕೀರ್ತಿ, ಮತ್ತೆ ತ್ರೈವಿದ್ಯ ವಿಜಯಕೀರ್ತಿ. ಬಸದಿಯ ಸುದ್ದಿ ಕೇಳಿ ರಟ್ಟರ ಮಹಾಮಂಡಲೇಶ್ವರ ಕಾರ್ತವೀರ್ಯ ನೋಡಲು ಬಂದ, ಮೆಚ್ಚಿ ಭೂಮಿ ಬಿಟ್ಟ.

ಈ ಭೇಟಿ ನನಗೆ ಬಹಳ ಕುತೂಹಲದ್ದು. ಶಿಲಾಹಾರರೂ ರಟ್ಟರೂ ಅಕ್ಕಪಕ್ಕದ ಎರಡು ಮಾಂಡಲಿಕ ಮನೆತನಗಳು. ಒಬ್ಬರದು ಕೊಲ್ಹಾಪುರದ ಕಡೆ, ಇನ್ನೊಬ್ಬರದು ಸವದತ್ತಿಯಿಂದ ಹಿಡಿದು ಹೂವಿನ ಬಾಗೆ ಎಂಬ ಈಗಿನ ರಾಯಬಾಗದವರೆಗಿನ ಕೂಂಡಿ ಮೂರುಸಾಸಿರ. ಮೇಲೆ ಕಲ್ಯಾಣದಲ್ಲಿ ಚಾಲುಕ್ಯರನ್ನು ತಳ್ಳಿ ಬಿಜ್ಜಳ ಗದ್ದುಗೆ ಏರಿ ಮೂರೇ ವರ್ಷವಾಗಿತ್ತು, ಎಲ್ಲರೂ ಕತ್ತಿ ಹಿರಿದೇ ಕೂತಿದ್ದ ಹೊತ್ತು. ಅಂಥಾದ್ದರಲ್ಲಿ ಒಬ್ಬನ ದಂಡನಾಯಕ ಕಟ್ಟಿಸಿದ ಬಸದಿಗೆ ಇನ್ನೊಬ್ಬ ಒಡೆಯ ಬಂದು ದತ್ತಿ ಬಿಡುತ್ತಾನೆ. ಗಡಿ ಎಲ್ಲಿ ಹಾದಿದ್ದರೂ ವಿಜಯಕೀರ್ತಿಯ ಮಾತು ಎರಡೂ ಕಡೆ ನಡೆಯುತ್ತಿತ್ತು. ರಟ್ಟರಿಗೆ ಇದು ಹೊಸದೂ ಅಲ್ಲ. ಅವರ ಮನೆತನದ ಮೊದಲಿಗ ಪೃಥ್ವೀರಾಮನನ್ನು ಸವದತ್ತಿಯ ಶಾಸನ ಮೈಳಾಪತೀರ್ಥದ ಕಾರೆಯಗಣದ ಇಂದ್ರಕೀರ್ತಿಯ ಶಿಷ್ಯ ಎನ್ನುತ್ತದೆ. ಆ ಗಣವನ್ನು ವಿದ್ವಾಂಸರು ಯಾಪನೀಯರ ಲೆಕ್ಕಕ್ಕೇ ಹಿಡಿಯುತ್ತಾರೆ.

ಗಣ, ಗಚ್ಛ, ಅನ್ವಯಗಳ ಈ ಗೊಂಡಾರಣ್ಯದಲ್ಲೇ ಪತ್ತೆದಾರಿಯ ಕೆಲಸವಿದ್ದದ್ದು. ಸಂಘ ದೊಡ್ಡ ಮನೆ ಎಂದುಕೊಂಡರೆ ಗಣ ಅದರ ಕವಲು. ಪುನ್ನಾಗವೃಕ್ಷಮೂಲ, ಕಂಡೂರು, ಕಾರೆಯ, ಕುಮುದಿ, ವಂದಿಯೂರು ಇವು ಯಾಪನೀಯರ ಕವಲುಗಳು. ಶಾಸನದಲ್ಲಿ ಸಂಘದ ಹೆಸರಿದ್ದರೆ ಕೆಲಸ ಹಗುರ. ಇರದಿದ್ದರೆ ಗಣದ ಹೆಸರು ಹಿಡಿದು, ಅದೇ ಗಣ ಬೇರೆಲ್ಲಿ ಯಾವ ಸಂಘದೊಡನೆ ಬಂದಿದೆ ಎಂದು ನೋಡಬೇಕು. ಬರೆದವರು ಸಂಘದ ಹೆಸರನ್ನೂ ಒಂದೇ ತೆರನಾಗಿ ಬರೆದಿಲ್ಲ. ಯಾಪನೀಯ, ಜಾಪುಲೀಯ, ಆಪುಲೀಯ ಎಂದೆಲ್ಲ ರೂಪಗಳಿವೆ. ಪುಷ್ಪದಂತನ ಮಹಾಪುರಾಣದ ಹಳೆಯ ಟಿಪ್ಪಣಿಯೊಂದು ಅಪಭ್ರಂಶದ ಮಹಾಕವಿ ಸ್ವಯಂಭುವನ್ನು ಆಪುಲೀ ಸಂಘದವನು ಎಂದದ್ದು ಯಾಪನೀಯರ ಬಗ್ಗೆಯೇ ಎಂದು ಗೊತ್ತಾದದ್ದು ಹೀಗೆ ರೂಪಗಳನ್ನು ಪಕ್ಕಪಕ್ಕ ಇಟ್ಟ ಮೇಲೆ.

ನಿಪ್ಪಾಣಿಯಿಂದ ಕೊಲ್ಹಾಪುರದ ಹೆದ್ದಾರಿಯಲ್ಲಿ ಕಾಗಲ ಸಿಗುತ್ತದೆ. ಅದರ ಹತ್ತಿರದ ಹೊನ್ನೂರಿನ ಬಸದಿಯ ಮೂರ್ತಿಯ ಪೀಠದಲ್ಲಿ ಹನ್ನೆರಡನೆಯ ಶತಮಾನದ ಆರಂಭದ ಕನ್ನಡ ಬರಹವೊಂದಿದೆ, ಅದನ್ನೂ ಅಚ್ಚು ಹಾಕಿಸಿದವರು ಫ್ಲೀಟ್. ಬಮ್ಮಗಾವುಂಡ ಎಂಬವನು ಬಸದಿ ಮಾಡಿಸಿದ, ಶಿಲಾಹಾರ ಸೋದರರಾದ ಬಲ್ಲಾಳದೇವ, ಗಂಡರಾದಿತ್ಯರು ಅದಕ್ಕೆ ದತ್ತಿ ಕೊಟ್ಟರು. ಬಮ್ಮಗಾವುಂಡ ಯಾರ ಗುಡ್ಡ, ಎಂದರೆ ಶಿಷ್ಯ? ರಾತ್ರಿಮತಿ ಕಂತಿಯ ಗುಡ್ಡ. ಊರ ಗಾವುಂಡ ತನ್ನ ಗುರು ಒಬ್ಬ ಸಂನ್ಯಾಸಿನಿ ಎಂದು ಮೂರ್ತಿಯ ಪೀಠದಲ್ಲಿ ಕೆತ್ತಿಸಿಕೊಂಡಿದ್ದಾನೆ. ಆ ಕಂತಿಯ ಗಣ ಪುನ್ನಾಗವೃಕ್ಷಮೂಲ, ಏಕಸಂಬಾದ ವಿಜಯಕೀರ್ತಿಯದೇ. ಹೆಣ್ಣಿಗೆ ಮೋಕ್ಷ ಉಂಟು ಎಂದ ಸಂಘದ ಕವಲಿನಲ್ಲಿ ಹೆಣ್ಣು ಗುರುಪೀಠದಲ್ಲಿ ಕಾಣಿಸುವುದು ಸಹಜವಲ್ಲವೆ ಎಂದು ಕೇಳಬಹುದು. ಪಿ.ಬಿ. ದೇಸಾಯಿ 1957ರಲ್ಲಿ ದಕ್ಷಿಣ ಭಾರತದ ಜೈನಧರ್ಮದ ಮೇಲೆ ತಂದ ಗ್ರಂಥದಲ್ಲಿ ಇಲ್ಲಿನ ಜೈನ ಹೆಣ್ಣುಮಕ್ಕಳಿಗೆ ಸಿಕ್ಕ ಸ್ಥಾನಕ್ಕೆ ಯಾಪನೀಯರ ಉದಾರ ನಿಲುವನ್ನು ಕಾರಣವಾಗಿ ಕೊಟ್ಟರು. ನಾನು ಅಷ್ಟು ದೂರ ಹೋಗಲಾರೆ. ದಿಗಂಬರರಲ್ಲೂ ಕಂತಿಯರಿದ್ದರು, ಶ್ರವಣಬೆಳಗೊಳದ ನಿಸಿಧಿಗಲ್ಲುಗಳಲ್ಲಿ ಬೇಕಾದಷ್ಟು ಹೆಸರುಗಳಿವೆ. ಹೊನ್ನೂರಿನಲ್ಲಿ ನನ್ನ ಕಣ್ಣು ಹೋಗುವುದು ಬೇರೆ ಕಡೆ. ಅಲ್ಲಿ ಗಣದ ಹಿಂದೆ ಯಾಪನೀಯ ಸಂಘ ಎಂದಿಲ್ಲ, ಮೂಲಸಂಘ ಎಂದಿದೆ. ಮೂಲಸಂಘ ದಿಗಂಬರರದು. ಏಕಸಂಬಾದಲ್ಲಿ ಅರವತ್ತು ವರ್ಷಗಳ ಅನಂತರವೂ ಯಾಪನೀಯರದೇ ಆಗಿದ್ದ ಗಣ, ಒಂದು ದಿನದ ನಡಿಗೆಯಷ್ಟು ಆಚೆ, ಆಗಲೇ ಇನ್ನೊಬ್ಬರ ಮನೆಯ ಹೆಸರು ಹೊತ್ತಿದೆ.

ಸಂಘ ಹೋದದ್ದು ಹೀಗೆ. ಯಾರೂ ಅವರನ್ನು ಓಡಿಸಲಿಲ್ಲ. ಬೆತ್ತಲೆ ಮುನಿಗಳಿಗೂ ಬೆತ್ತಲೆ ಮುನಿಗಳಿಗೂ ನಡುವೆ ಶ್ರಾವಕರಿಗೆ ಕಾಣುವ ಅಂತರ ಕಡಿಮೆ. ಶಾಸ್ತ್ರದ ಮೂರು ಮಾತಿನಲ್ಲಿದ್ದ ಭೇದ ಕಬ್ಬು ಜೋಳ ಬೆಳೆಯುವ ಒಕ್ಕಲಿಗ ಜೈನನಿಗೆ ಎಷ್ಟು ತಟ್ಟೀತು? ಅವನಿಗೆ ಆಹಾರ ಕೊಡಲು ಮುನಿ ಬೇಕು, ಪೂಜೆಗೆ ಬಸದಿ ಬೇಕು. ಗಣಗಳು ಒಂದೊಂದಾಗಿ ಮೂಲಸಂಘದ ಹೆಸರಿನಡಿ ಬಂದವು, ಬಸದಿಗಳೂ ಅವುಗಳ ಜೊತೆಗೇ ಬಂದವು. ಉಪಾಧ್ಯೆಯವರು ದಿಗಂಬರ ಮನೆಯವರು, ತಮ್ಮ ಸಮಾಜ ಓದುತ್ತದೆಂದು ಗೊತ್ತಿದ್ದೂ ಈ ಮಾತನ್ನು ಅಡಗಿಸಲಿಲ್ಲ: ಇಂದು ದಿಗಂಬರರು ಪೂಜಿಸುವ ಕೆಲವು ಮೂರ್ತಿಗಳು ಯಾಪನೀಯರು ನಿಲ್ಲಿಸಿದವು ಎಂದು ಬರೆದರು. ಬೆಳಗಾವಿಯ ದೊಡ್ಡ ಬಸದಿಯ ನೇಮಿನಾಥ ಅದಕ್ಕೆ ಸಾಕ್ಷಿ. ಕೋಟೆಯ ಹಾಳು ಬಸದಿಯಿಂದ ಅಲ್ಲಿಗೆ ಬಂದ ಆ ಮೂರ್ತಿಯ ಬರಹದಂತೆ, ಮೂಲ ಬಸದಿಯನ್ನು 1013ರಲ್ಲಿ ಕಟ್ಟಿಸಿದವನು ಯಾಪನೀಯ ಸಂಘದ ಪಾರಿಸಯ್ಯ.

ಇಂಥ ಸಂಗತಿಗಳು ಉಪಾಧ್ಯೆಯವರಿಗೆ ಸಿಕ್ಕ ಮೂಲ ಯಾವುದೆಂದರೆ ಬೆಳಗಾವಿಯಿಂದ ಹೊರಡುತ್ತಿದ್ದ ‘ಜಿನವಿಜಯ’ ಎಂಬ ಕನ್ನಡ ಮಾಸಪತ್ರಿಕೆ. 1931ರ ಅದರ ಸಂಚಿಕೆಗಳನ್ನು ಉಪಾಧ್ಯೆ ಅಡಿಟಿಪ್ಪಣಿಯಲ್ಲಿ ಹೆಸರಿಸಿದ್ದಾರೆ. ಫ್ಲೀಟರ ತಾಮ್ರಪಟಗಳು ದೊಡ್ಡ ವಿದ್ವತ್ ಪತ್ರಿಕೆಗಳಲ್ಲಿ ಅಚ್ಚಾಗಿದ್ದವು. ಸ್ಥಳೀಯ ಸಮಾಜದ ಪತ್ರಿಕೆಯ ಈ ಪುಟಗಳನ್ನು ಸ್ಥಳೀಯರಲ್ಲದೆ ಬೇರೆ ಯಾರು ತಿರುವಿ ನೋಡುತ್ತಿದ್ದರು? ಆ ವರ್ಷಗಳಲ್ಲಿ ರಾಜಾರಾಮ ಕಾಲೇಜಿನ ಕನ್ನಡ ಪ್ರಾಧ್ಯಾಪಕ ಕೆ.ಜಿ. ಕುಂದಣಗಾರರೂ ಊರೂರು ತಿರುಗಿ ಈ ಸೀಮೆಯ ಶಾಸನಗಳನ್ನು ಕಲೆಹಾಕುತ್ತಿದ್ದರು, 1939ರಲ್ಲಿ ಅವರ ಸಂಪುಟ ಹೊರಬಂತು. ಒಂದೇ ಕಾಲೇಜಿನಲ್ಲಿ ಒಬ್ಬರು ಪ್ರಾಕೃತ ಬಲ್ಲವರು, ಇನ್ನೊಬ್ಬರು ಹಳಗನ್ನಡ ಬಲ್ಲವರು. ಮರಾಠಿ ಸಂಸ್ಥಾನದ ರಾಜಧಾನಿಯಲ್ಲಿ ಕೂತು ಇಬ್ಬರೂ ಕನ್ನಡ ನಾಡಿನ ಕೆಲಸ ಮಾಡಿದರು.

ಕಾಗವಾಡದ ಸರದಿ ಇಲ್ಲಿ ಬರುತ್ತದೆ. ಅಥಣಿಯಿಂದ ಮೀರಜಿಗೆ ಹೋಗುವ ದಾರಿಯಲ್ಲಿ, ಮಹಾರಾಷ್ಟ್ರದ ಗಡಿಗೆ ಆತುಕೊಂಡಿರುವ ಊರು, ಹಿಂದೆ ಅಥಣಿಯ ಪಾಲು, ಈಗ ತಾನೇ ಒಂದು ತಾಲ್ಲೂಕು. ಅಲ್ಲಿನ ಬಸದಿಯ ನೆಲಮಾಳಿಗೆಯಲ್ಲಿ ದೊಡ್ಡದೊಂದು ನೇಮಿನಾಥನ ಮೂರ್ತಿ ಇದೆ. ಅಲ್ಲಿಯ ಬರಹದ ಕಾಲ ಶಕ 1316, ಎಂದರೆ 1394. ಅದರಲ್ಲಿ ಯಾಪನೀಯ ಸಂಘ ಎಂದು ಸ್ಪಷ್ಟವಾಗಿದೆ, ಪುನ್ನಾಗವೃಕ್ಷಮೂಲಗಣ ಎಂದೂ ಇದೆ. ಮುನಿಗಳ ಹೆಸರು ನೇಮಿಚಂದ್ರ, ಧರ್ಮಕೀರ್ತಿ, ನಾಗಚಂದ್ರ.

ವರ್ಷವನ್ನು ಇನ್ನೊಮ್ಮೆ ನೋಡಿ. ಏಕಸಂಬಾದ ಶಾಸನ ಕಳೆದು ಇನ್ನೂರ ಇಪ್ಪತ್ತೊಂಬತ್ತು ವರ್ಷ. ಶಿಲಾಹಾರರನ್ನೂ ರಟ್ಟರನ್ನೂ ಸೇವುಣ ಸಿಂಘಣ ಹದಿಮೂರನೆಯ ಶತಮಾನದಲ್ಲೇ ಅಳಿಸಿಹಾಕಿದ್ದ, ಸೇವುಣರೂ ಹೋಗಿದ್ದರು. ಕಲಬುರಗಿಯಲ್ಲಿ ಬಹಮನಿ ಸುಲ್ತಾನರು, ಹಂಪಿಯಲ್ಲಿ ಎರಡನೆಯ ಹರಿಹರ. ಕನ್ನಡ ನಾಡಿನ ಬೇರೆಡೆಯ ಶಾಸನಗಳಿಂದ ಯಾಪನೀಯರ ಹೆಸರು ಆರಿಹೋಗಿತ್ತು. ಅಂಥ ಹೊತ್ತಿನಲ್ಲಿ ಕೃಷ್ಣೆಯ ಬಳಿಯ ಈ ಊರಲ್ಲಿ ಮೂವರು ಮುನಿಗಳು ತಮ್ಮನ್ನು ಮೂಲಸಂಘದವರು ಎಂದುಕೊಳ್ಳದೆ ಹಳೆಯ ಹೆಸರಲ್ಲೇ ಕರೆಸಿಕೊಂಡಿದ್ದರು. ಸಂಘದ ಹೆಸರು ಸಿಗುವ ಕೊನೆಯ ದಾಖಲೆ ಎಂದು ವಿದ್ವಾಂಸರು ಒಪ್ಪಿರುವುದು ಇದನ್ನೇ. ಹಲಸಿಯ ಪಟ, ಬೆಳಗಾವಿಯ ಮೂರ್ತಿ, ಏಕಸಂಬಾದ ಶಾಸನ, ಕಾಗವಾಡದ ನೆಲಮಾಳಿಗೆ: ಆರಂಭದಿಂದ ಮುಕ್ತಾಯದವರೆಗೆ ನಾಲ್ಕೂ ಒಂದೇ ಜಿಲ್ಲೆಯೊಳಗೆ ಸಿಕ್ಕಿವೆ. ಬಸದಿಗಳ ಮೂರೂ ಮೂರ್ತಿ ನೇಮಿನಾಥನವೇ, ಅವನ್ನು ಜೋಡಿಸಿದವರ ತಂದೆಯ ಹೆಸರೂ ನೇಮಿನಾಥ. ಕಾಕತಾಳೀಯವೇ ಹೌದು, ಆದರೂ ಹೇಳದೆ ಬಿಡಲು ಮನಸ್ಸು ಬರಲಿಲ್ಲ.

ಉಪಾಧ್ಯೆ ಈ ಎಳೆಯನ್ನು ಬಿಡಲಿಲ್ಲ. 1943ರಲ್ಲಿ ಹರಿಷೇಣನ ಬೃಹತ್ಕಥಾಕೋಶವನ್ನು ಸಂಪಾದಿಸುವಾಗ ಅದರ ಕತೆಗಳ ಬೇರು ಹಿಡಿದು ಶಿವಾರ್ಯನ ಭಗವತೀ ಆರಾಧನೆಗೆ ಹೋದರು. ನಮ್ಮ ವಡ್ಡಾರಾಧನೆಯ ಹತ್ತೊಂಬತ್ತು ಕತೆಗಳ ಬೇರೂ ಅಲ್ಲಿಯೇ. ಜೈನ ವಿದ್ವಾಂಸ ನಾಥೂರಾಮ ಪ್ರೇಮಿ ಅಷ್ಟರಲ್ಲಾಗಲೇ ಶಿವಾರ್ಯನೂ ಆ ಗ್ರಂಥದ ಟೀಕಾಕಾರ ಅಪರಾಜಿತನೂ ಯಾಪನೀಯರೆಂದು ವಾದಿಸಿದ್ದರು. ಅಪರಾಜಿತ ಶ್ವೇತಾಂಬರರ ದಶವೈಕಾಲಿಕ ಸೂತ್ರಕ್ಕೂ ಟೀಕೆ ಬರೆದಿರುವುದಾಗಿ ತಾನೇ ಹೇಳಿಕೊಂಡದ್ದು ಅವರ ಬಲವಾದ ಆಧಾರ. ವಾದ ಒಪ್ಪಿದರೆ ಕನ್ನಡದ ಮೊದಲ ಗದ್ಯಕೃತಿ ನಿಂತಿರುವುದು ಯಾಪನೀಯ ಮುನಿಯೊಬ್ಬನ ಗಾಹೆಗಳ ಮೇಲೆ. ಡಿ.ಎಲ್. ನರಸಿಂಹಾಚಾರ್ಯರ ವಡ್ಡಾರಾಧನೆಯ ಆವೃತ್ತಿ 1949ರಲ್ಲಿ ಬಂದಮೇಲೆ ಎಂ.ಎ. ತರಗತಿಗಳಲ್ಲಿ ಆ ಕತೆಗಳನ್ನು ಓದಿದವರೆಷ್ಟೋ, ಅವರಲ್ಲಿ ಶಿವಾರ್ಯನ ಸಂಘ ಯಾವುದೆಂದು ಕೇಳಿದವರು ಕಡಿಮೆ. 1974ರಲ್ಲಿ, ತೀರಿಕೊಳ್ಳುವ ಹಿಂದಿನ ವರ್ಷ, ಪುಣೆಯ ಭಂಡಾರಕರ ಸಂಸ್ಥೆಯ ಪತ್ರಿಕೆಯಲ್ಲಿ ಉಪಾಧ್ಯೆ ಯಾಪನೀಯರ ಮೇಲೆ ಎರಡನೆಯ ಲೇಖನ ಬರೆದರು. ನಲವತ್ತು ವರ್ಷಗಳಲ್ಲಿ ಸಿಕ್ಕಿದ್ದ ಶಾಸನಗಳನ್ನೆಲ್ಲ ಅದರಲ್ಲಿ ಕಾಲಾನುಕ್ರಮವಾಗಿ ಇಟ್ಟಿದ್ದಾರೆ. ಆಮೇಲೆ ಹಂಪ ನಾಗರಾಜಯ್ಯನವರು ಕನ್ನಡದಲ್ಲಿ ಯಾಪನೀಯ ಸಂಘದ ಮೇಲೆ ಪುಸ್ತಕವನ್ನೇ ಬರೆದರು.

ಇದೇ ನೆಲದಿಂದ ಇಪ್ಪತ್ತನೆಯ ಶತಮಾನದಲ್ಲಿ ದಿಗಂಬರ ಮುನಿಧರ್ಮ ಮತ್ತೆ ಚಿಗುರಿತು. ಭೋಜ ಗ್ರಾಮದ ಆಚಾರ್ಯ ಶಾಂತಿಸಾಗರರು 1920ರಲ್ಲಿ ಯರನಾಳದಲ್ಲಿ ಮುನಿದೀಕ್ಷೆ ತೆಗೆದುಕೊಂಡರು. ಆಚಾರ್ಯ ವಿದ್ಯಾನಂದರು ಶೇಡಬಾಳದವರು, ಆಚಾರ್ಯ ವಿದ್ಯಾಸಾಗರರು ಉಪಾಧ್ಯೆಯವರ ಸದಲಗಾದವರೇ. ಅವರ ಹೆಸರಿನ ಕ್ಷೇತ್ರಗಳಿಗೆ ಉತ್ತರ ಭಾರತದಿಂದ ಬಸ್ಸುಗಟ್ಟಲೆ ಯಾತ್ರಿಕರು ಬರುತ್ತಾರೆ. ಏಕಸಂಬಾಕ್ಕೆ ವಿಜಯಕೀರ್ತಿಯನ್ನು ನೆನೆದು ಬರುವವರಿಲ್ಲ.

ಇನ್ನೊಂದು ಎಡವಟ್ಟನ್ನೂ ಹೇಳಿಬಿಡಬೇಕು. ಕಾಗವಾಡದ ಬರಹದಲ್ಲಿ ನೇಮಿಚಂದ್ರನಿಗೆ ತುಳುವ ರಾಜ್ಯವನ್ನು ಸ್ಥಾಪಿಸಿದ ಆಚಾರ್ಯ ಎಂಬ ಬಿರುದಿದೆ. ಅರಸುಮನೆತನಗಳಿಗೆ ಜೈನ ಗುರುಗಳು ಬೆನ್ನೆಲುಬಾಗುವುದು ಹಳೆಯ ರೂಢಿ, ಗಂಗರಿಗೆ ಸಿಂಹನಂದಿ ಇದ್ದ ಹಾಗೆ. ಆ ಬಿರುದು ಕೈಯಿಂದ ಕೈಗೆ ದಾಟುವಾಗ ಸ್ಥಳದ ಹೆಸರಾಗಿ ಮಾರ್ಪಟ್ಟಿರಬೇಕು. ಯಾಪನೀಯರ ಕೊನೆಯ ಶಾಸನ ನೈಋತ್ಯ ಕರ್ನಾಟಕದ ತುಳು ಸೀಮೆಯಲ್ಲಿ ಸಿಕ್ಕಿತು ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿದೆ, ಅಂತರ್ಜಾಲದಲ್ಲೂ ಅದೇ ವಾಕ್ಯ ಓಡಾಡುತ್ತಿದೆ. ತುಳುನಾಡಿನ ಬಸದಿಗಳಲ್ಲಿ ಅದನ್ನು ಹುಡುಕುತ್ತ ಹೊರಟವರು ಘಟ್ಟ ಹತ್ತಿ ಬೆಳಗಾವಿ ದಾಟಿ ಮೀರಜಿನ ರೈಲು ನಿಲ್ದಾಣದ ಹತ್ತಿರದವರೆಗೂ ಬರಬೇಕಾಗುತ್ತದೆ.